ಕಾಲಿಗೆ ಕಿವಿ ಕೇಳಲ್ಲ

ಬೆಳಿಗ್ಗೆ ಕಾಫಿ ಲೋಟಗಳನ್ನು ಬಿಸಿನೀರಿನಲ್ಲಿ ಅದ್ದಿ ತೆಗೆಯುತ್ತಿದ್ದೆ. ಒಂದು ಲೋಟ ಮುಂಗೈಗೆ ತಾಗಿತು. ಸುಡುವಂಥದ್ದಲ್ಲ, ಹದವಾದ ಬಿಸಿ. ಅಷ್ಟಕ್ಕೇ ಮಡಿಕೇರಿ ಆಸ್ಪತ್ರೆಯ ಆ ಸಿಸ್ಟರ್ ನೆನಪಾದರು...

ಹುಟ್ಟಿನಿಂದಲೂ ನನ್ನ ಎರಡೂ ಕಾಲು ಸೆಟೆದುಕೊಂಡೇ ಇವೆ. ಯಾರಾದರೂ ಥಟ್ಟನೆ ಮುಟ್ಟಿದರೆ ಕತ್ತರಿಯ ಹಾಗೆ ಒಂದಕ್ಕೊಂದು ಹೆಣೆದುಕೊಳ್ಳುತ್ತವೆ. ಗಾಲಿಕುರ್ಚಿಯಲ್ಲೇ ನನ್ನ ಓಡಾಟ. ಕೆಳಹೊಟ್ಟೆ ನೋವು ಅಂತ ಮೊದಲ ಸಲ ತಮ್ಮನ ಹೆಂಡತಿ ಗಾಳಿಬೀಡಿನಿಂದ ಜೀಪಿನಲ್ಲಿ ಮಡಿಕೇರಿಗೆ ಕರೆದುಕೊಂಡು ಹೋದಾಗ, ಆಸ್ಪತ್ರೆಯವರು ನನ್ನನ್ನು ಎತ್ತರದ ಮೇಜಿನ ಮೇಲೆ ಅಂಗಾತ ಮಲಗಿಸಿದರು. ಡಾಕ್ಟರಮ್ಮ, "ಕಾಲು ಅಗಲಿಸಿ, ಸಡಿಲ ಬಿಡಿ" ಅಂದರು. ಬಿಡು ಅಂದಷ್ಟೂ ಬಿಗಿಯಾಯಿತು. ಇನ್ನೊಂದು ಸಲ ನೋಡೋಣ ಅಂತ ಅವರು ಎದ್ದರು.

ಆಗ ಒಳಗೆ ಬಂದವರು ಆ ಸಿಸ್ಟರ್. ಘಟ್ಟದ ಕೆಳಗಿನ ಮಲಯಾಳಿ, ಐವತ್ತು ದಾಟಿದ ದಪ್ಪ ಹೆಂಗಸು. ನನ್ನ ಕಿವಿಯ ಹತ್ತಿರ ಬಾಗಿ, "ಪೇಡಿಕ್ಕಂಡ" ಅಂದರು.

"ಪೇಡ ಬೇಡ ಸಿಸ್ಟರ್, ತಿಂಡಿ ತಿಂದೇ ಬಂದಿದ್ದೇನೆ" ಅಂದೆ.

ಅವರು ಗೋಡೆ ಹಿಡಿದುಕೊಂಡು ನಕ್ಕರು. ಹೆದರಬೇಡ ಅಂತ ಅರ್ಥವಂತೆ. ನನಗೂ ನಗು ಬಂತು. ನಗುವಾಗ ಕಾಲು ಒಂದಿಷ್ಟು ಮೆತ್ತಗಾಯಿತು.

"ಡಾಕ್ಟರೇ, ಇವರ ಕಾಲಿಗೆ ಕಿವಿ ಕೇಳಲ್ಲ. ಹೇಳಿ ಪ್ರಯೋಜನ ಇಲ್ಲ, ಸ್ವಲ್ಪ ಕಾಯುವ" ಅಂದರು ಸಿಸ್ಟರ್. ಡಾಕ್ಟರಮ್ಮ ಮತ್ತೆ ಕೂತರು. ಸಿಸ್ಟರ್ ನನ್ನನ್ನು ಮಗ್ಗುಲಿಗೆ ಹೊರಳಿಸಿ ಮಂಡಿಗಳ ನಡುವೆ ಕಂಬಳಿ ಮಡಚಿ ಇಟ್ಟರು. ಒಳಗೆ ಇಟ್ಟು ನೋಡುವ ಸ್ಟೀಲಿನ ಉಪಕರಣವನ್ನು ಬಿಸಿನೀರಿಗೆ ಹಾಕಿ ತೆಗೆದು, ಮೊದಲು ನನ್ನ ತೊಡೆಗೆ ತಾಗಿಸಿ, "ಹದ ಉಂಟಾ?" ಅಂತ ಕೇಳಿದರು. ನಾನು ಹೂಂ ಅಂದ ಮೇಲೆಯೇ ಮುಂದಿನ ಕೆಲಸ. ಮೇಲಿನ ಕಾಲನ್ನು ತಮ್ಮ ತೋಳಿನ ಮೇಲೆ ಹೊತ್ತು ನಿಂತಿದ್ದರು, ಅದರ ನಡುಕ ನಿಲ್ಲುವವರೆಗೂ...

ಗರ್ಭಕೋಶದ ಬಾಯಲ್ಲಿ ಸಣ್ಣ ಗಾಯವಿದೆ, ಈಗ ಭಯವಿಲ್ಲ, ಆದರೆ ವರ್ಷವರ್ಷವೂ ನೋಡುತ್ತಿರಬೇಕು ಅಂದರು ಡಾಕ್ಟರಮ್ಮ. ಸಿಸ್ಟರ್ ಇದ್ದಷ್ಟು ಕಾಲ ನೋಡಿಸಿದೆ. ಆಮೇಲೆ ಅವರು ಕೆಲಸ ಬಿಟ್ಟು ಊರಿಗೆ ಹೋದರು. ಡಾಕ್ಟರಮ್ಮನಿಗೂ ಬೇರೆ ಕಡೆ ವರ್ಗವಾಯಿತು. ಅಲ್ಲಿಂದ ಮುಂದೆ ಹೋದಾಗಲೆಲ್ಲ ಅದೇ "ಸಡಿಲ ಬಿಡಿ". ಒಮ್ಮೆ, ಮಗ್ಗುಲಿಗೆ ಮಲಗಿಸಿ ನೋಡಿ ಅಂತ ನಾನೇ ಹೇಳಿದೆ. ಇಲ್ಲಿ ಹಾಗೆಲ್ಲ ಮಾಡೋದಿಲ್ಲ ಅಂದರು. ವರ್ಷಗಳು ಹಾಗೇ ಹೋದವು.

ಮುಟ್ಟು ನಿಂತು ಎಷ್ಟೋ ಕಾಲವಾದ ಮೇಲೆ ಈಗ ಮತ್ತೆ ರಕ್ತ ಕಾಣುತ್ತಿದೆ. ನಿನ್ನೆ ಹೋಗಿದ್ದೆವು. ಇಬ್ಬರು ಎತ್ತಿ ಮೇಜಿನ ಮೇಲೆ ಹಾಕಿದರು, ಒಬ್ಬಳು ಮಂಡಿ ಅದುಮಿ ಹಿಡಿದಳು. ತಣ್ಣಗಿನ ಸ್ಟೀಲು ತಾಗಿದ್ದೇ ತಡ, ಕಾಲುಗಳು ಬಾಗಿಲು ಹಾಕಿಕೊಂಡವು. ಮೈಸೂರಿಗೆ ಹೋಗಿ, ಮಂಪರು ಬರಿಸಿ ನೋಡಬೇಕು, ಮೊದಲೇ ಬರಬೇಕಿತ್ತು ಅಂದರು ಹೊಸ ಡಾಕ್ಟರು. ಹೊರಡುವಾಗ ಹಳೆಯ ಆಯಾ ಒಬ್ಬಳು ಸಿಕ್ಕಿದಳು. ಸಿಸ್ಟರ್ ಹೇಗಿದ್ದಾರೆ ಅಂತ ಕೇಳಿದೆ. ಹೋದ ಮಳೆಗಾಲದಲ್ಲಿ ತೀರಿಕೊಂಡರಂತೆ.

ಜೀಪಿನಲ್ಲಿ ತಮ್ಮನ ಹೆಂಡತಿ, "ಅತ್ತಿಗೆ, ನೀವು ಒಂಚೂರು ಸಡಿಲ ಬಿಟ್ಟಿದ್ರೆ ಇವತ್ತೇ ಗೊತ್ತಾಗ್ತಿತ್ತಲ್ಲ" ಅಂದಳು. ಅಳು ನುಂಗಿಕೊಂಡ ದನಿ.

ಕೈಯಲ್ಲಿದ್ದ ಲೋಟ ಇನ್ನೂ ಬೆಚ್ಚಗಿತ್ತು. ತೊಡೆಗೆ ಒತ್ತಿ ಹಿಡಿದೆ. ಸ್ವಲ್ಪ ಹೊತ್ತಿಗೆ ಕಾಲು ತಾನಾಗಿ, ಮೆಲ್ಲಗೆ, ಸಡಿಲವಾಯಿತು. ನೋಡುವವರು ಯಾರೂ ಇರಲಿಲ್ಲ.