ಅಜ್ಜಿಯ ಕೈ, ಮೇಡಂ ಅವರ ಸ್ಟಾಪ್‌ವಾಚ್

ಕೇಳಿರಿ, ನಮ್ಮ ಗ್ರೂಪಿನ ಮಹಾಸಭಿಕರೇ, ಈ ವಾಯ್ಸ್ ಮೆಸೇಜ್! ಹಿಂದಿನ ಸಾಲಿನವರು ಮೊಬೈಲ್ ಹತ್ತಿರ ಹಿಡಿದು ಕೇಳಿರಿ!

ಹೆಬ್ಬಾಳದ ನಮ್ಮ ಆಸ್ಪತ್ರೆಯ ಆಪರೇಷನ್ ಥಿಯೇಟರಿನಲ್ಲಿ ನಾನು ಟೆಕ್ನಿಷಿಯನ್. ರೋಬೋಟ್ ಬಳಸಿ ಕರುಳಿನ ಗಡ್ಡೆ ತೆಗೆಯುವಾಗ ಯಾವ ಹಂತದಲ್ಲಿ ಸಮಯ ಪೋಲಾಗುತ್ತದೆಂದು ಅಳೆಯಲು ಆಡಳಿತದವರು ಕಳಿಸಿದ ಶ್ವೇತಾ ಮೇಡಂ ಬಂದಿದ್ದಾರೆ. ಕೈಯಲ್ಲಿ ಸ್ಟಾಪ್‌ವಾಚ್, ಬಾಯಲ್ಲಿ ಒಂದೇ ಮಾತು: “ಯಾಕ್ರೀ ಲೇಟು?” ಚಿತ್ರಗುಪ್ತನೂ ಇಷ್ಟು ಕಟ್ಟುನಿಟ್ಟಲ್ಲ!

ಇಂದು ಕೋಗಿಲು ಊರಿನ ಅಜ್ಜಿಯೊಬ್ಬರನ್ನು ಮೇಜಿನ ಮೇಲೆ ಮಲಗಿಸಿದೆವು. ಡಾಕ್ಟರು ದೂರದ ಮೂಲೆಯಲ್ಲಿ ಕೂತು ರೋಬೋಟ್ ನಡೆಸುತ್ತಾರೆಂದು ತಿಳಿದದ್ದೇ ತಡ, ಅಜ್ಜಿ ಎದ್ದು ಕೂತರು.

“ಡಾಕ್ಟ್ರಪ್ಪ ಅಲ್ಲಿ ಕೂತ್ರೆ ನನ್ ತಾವ ಯಾರವ್ರೆ? ಇಂಗೆ ಒಂಟಿಯಾಗಿ ಮಲಗಾಕಿಲ್ಲ ಕಣಪ್ಪೋ!”

“ನಾವೆಲ್ಲ ಇದೀವಲ್ಲ ಅಜ್ಜಿ,” ಎಂದೆ.

“ನಿಂಗೆ ಕೈ ತುಂಬ ಕೆಲ್ಸ. ಅಗೋ, ಆ ಹುಡ್ಗಿ ಸುಮ್ನೆ ನಿಂತವ್ಳೆ. ಬಾರವ್ವ ಇಲ್ಲಿ!”

ಮೇಡಂ ಬಂದು ಅಜ್ಜಿಯ ಕೈ ಹಿಡಿದರು. ಅಜ್ಜಿ ಮತ್ತೆ ಮಲಗಿದರು. ಅರಿವಳಿಕೆ ಹತ್ತಿ ಅಜ್ಜಿಯ ಬೆರಳು ಸಡಿಲವಾಯಿತು. ಸ್ಟಾಪ್‌ವಾಚ್ ಒತ್ತುವುದು ಮೇಡಂಗೆ ಮರೆತೇಹೋಗಿತ್ತು.

“ಯಾಕ್ ಮೇಡಂ, ಲೇಟು?” ಎಂದು ಕಾಡಿಸಿದೆ.

“ಸುಮ್ನಿರ್ರೀ!” ಎಂದರು. ಹಿಡಿದ ಕೈಯನ್ನು ಆಗಲೂ ಬಿಟ್ಟಿರಲಿಲ್ಲ.

ಗಡ್ಡೆ ಸುಸೂತ್ರವಾಗಿ ಹೊರಬಂತು. ಸಂಜೆ ಎಚ್ಚರವಾದ ಅಜ್ಜಿಯ ಮೊದಲ ಪ್ರಶ್ನೆ: “ಆ ಹುಡ್ಗಿ ಎಲ್ಲವ್ಳೆ?”

ನಾಳೆ ಬೆಳಿಗ್ಗೆ ಸ್ಟಾಪ್‌ವಾಚನ್ನು ನಾನು ಹಿಡಿಯುತ್ತೇನೆ. ರೋಗಿಯ ಕೈಯನ್ನು ಮೇಡಂ ಹಿಡಿಯಲಿ.