ಕೆರೆದರೆ ಬೆಳ್ಳಗಾಗುವ ತಂತಿ

ಊರಿನ ಅರ್ಧ ಕಚೇರಿಗಳಿಗೆ ಕಂಪ್ಯೂಟರ್ ಕೇಬಲ್ ಎಳೆದವನು ಸಿಡುಕಣ್ಣ. ಅಪ್ಪ ಅಮ್ಮ ಇಟ್ಟ ಹೆಸರು ಬೇರೆ ಇತ್ತು. ಆ ಮುಖ ನೋಡಿದ ಮೇಲೆ ಅದನ್ನು ಯಾರು ನೆನಪಿಟ್ಟುಕೊಳ್ಳುತ್ತಾರೆ? ಅವನ ಕಣ್ಣಿಗೆ ಗಿರಾಕಿಗಳೆಲ್ಲ ಶತದಡ್ಡರು. ಕ್ಯಾಟ್ ಸಿಕ್ಸ್ ಬೇಕು, ಇಲ್ಲ ಕ್ಯಾಟ್ ಏಟೇ ಇರಲಿ ಅಂತ ಕೇಬಲ್ಲಿನ ದರ್ಜೆಯನ್ನು ಚಪ್ಪಲಿ ಸೈಜು ಕೇಳಿದ ಹಾಗೆ ಕೇಳುತ್ತಾರೆ. ಗೋಡೆಯ ಬಣ್ಣಕ್ಕೆ ಒಪ್ಪಬೇಕು ಅನ್ನುತ್ತಾರೆ. ಒಳಗೇನಿದೆ ಅಂತ ಕೇಳಿದ ಪುಣ್ಯಾತ್ಮ ಒಬ್ಬನೂ ಇಲ್ಲ.

ಅವನು ಮಾತ್ರ ಪ್ರತಿ ಸುರುಳಿಯ ತುದಿ ಸುಲಿದು, ತಂತಿಯನ್ನು ಬ್ಲೇಡಿನಿಂದ ಕೆರೆಯುತ್ತಿದ್ದ. ಕೆರೆದಷ್ಟೂ ಕೆಂಪಾಗಿದ್ದರೆ ತಾಮ್ರ. ಬೆಳ್ಳಗಾದರೆ ತಾಮ್ರದ ನೀರು ಕುಡಿಸಿದ ಅಲ್ಯೂಮಿನಿಯಂ. ನಾಲ್ಕು ಸಲ ಬಗ್ಗಿಸಿದರೆ ಮುರಿಯುತ್ತದೆ, ಉದ್ದ ಎಳೆದರೆ ಕೈಕೊಡುತ್ತದೆ. ಗುತ್ತಿಗೆದಾರ ಭಾವ, ಅಂದರೆ ಅಕ್ಕನ ಗಂಡ, ತರುತ್ತಿದ್ದದ್ದು ಬಹುಪಾಲು ಇದೇ. "ಥೂ, ದರಿದ್ರ ಮಾಲು," ಅಂತ ಸಿಡುಕಣ್ಣ ಉಗಿಯುತ್ತಿದ್ದ. ಉಗಿದು ಅದನ್ನೇ ಎಳೆಯುತ್ತಿದ್ದ. ಹೆಂಡತಿ ಮಗಳ ಸಮೇತ ಇದ್ದದ್ದು ಭಾವನ ಮನೆಯ ಮಹಡಿಯಲ್ಲಿ. ಬಾಯಿ ಬಿಟ್ಟರೆ ಕೆಲಸವೂ ಹೋಗುತ್ತದೆ, ಸೂರೂ ಹೋಗುತ್ತದೆ.

ಈ ಸಲದ್ದು ಆಸ್ಪತ್ರೆಯ ಹೊಸ ಕಟ್ಟಡ. ದಿನ ತುಂಬದೆ ಹುಟ್ಟಿದ ಕೂಸುಗಳ ಎದೆಬಡಿತ ಈ ತಂತಿಯಲ್ಲೇ ನರ್ಸಮ್ಮನ ಪರದೆಗೆ ಹೋಗಬೇಕು. ಹಳೇ ಕಟ್ಟಡದಲ್ಲಿ ಅಂಗೈಯಷ್ಟು ಕೂಸೊಂದನ್ನು ಗಾಜಿನಾಚೆಯಿಂದ ನೋಡಿ ಬಂದಿದ್ದ. ಈ ಸಲ ಬರೀ ಉಗಿದು ಸುಮ್ಮನಾಗಲು ಮನಸ್ಸು ಬರಲಿಲ್ಲ. ದೊಡ್ಡ ಡಾಕ್ಟರಮ್ಮ ಮಾಲು ನೋಡಲು ಬಂದಾಗ ಅವರೆದುರೇ ತಂತಿ ಕೆರೆದ.

"ಇದೇನು, ಒಳಗೆ ಬಿಳಿ?" ಅಂದರು ಡಾಕ್ಟರಮ್ಮ.

ಭಾವ ಕಣ್ಣು ಕೂಡ ಮಿಟುಕಿಸಲಿಲ್ಲ. "ಬೆಳ್ಳಿ ಮೇಡಂ! ತಾಮ್ರದೊಳಗೆ ಬೆಳ್ಳಿ. ನಿಮಗೆ ಅಂತಲೇ ತರಿಸಿದ್ದು."

"ಹೌದಾ? ಪರವಾಗಿಲ್ವೇ!" ಡಾಕ್ಟರಮ್ಮನ ಮುಖ ಅರಳಿತು. ಅಷ್ಟೆಲ್ಲ ಓದಿದ ಹೆಂಗಸು! ಸಿಡುಕಣ್ಣನ ಮೈ ಉರಿದುಹೋಯಿತು.

"ಬೆಳ್ಳಿಯೂ ಇಲ್ಲ, ಮಣ್ಣಾಂಗಟ್ಟಿಯೂ ಇಲ್ಲ. ಅಲ್ಯೂಮಿನಿಯಂ ಕಣಮ್ಮ. ಇದನ್ನ ಹಾಕಿದ್ರೆ ಯಾವ ಹೊತ್ತಲ್ಲಿ ಪರದೆ ಆರಿಹೋಗುತ್ತೋ ಹೇಳಕ್ಕಾಗಲ್ಲ."

"ಲೋ, ನನ್ನ ಅನ್ನ ತಿಂದು ನನಗೇ ಬತ್ತಿ ಇಡ್ತೀಯೇನೋ!" ಭಾವ ಕಿರುಚಿದ. "ಇವತ್ತೇ ಮಹಡಿ ಖಾಲಿ ಮಾಡು!"

"ಮಾಡ್ತೀನಿ ಭಾವ, ಈಗಲೇ ಮಾಡ್ತೀನಿ." ಅಂದು ಎದೆಯುಬ್ಬಿಸಿ ನಿಂತ. ಪ್ರಪಂಚದಲ್ಲಿ ಉಳಿದಿರುವ ಮರ್ಯಾದಸ್ಥ ತಾನೊಬ್ಬನೇ ಅನ್ನಿಸಿತು.

ಡಾಕ್ಟರಮ್ಮ ಭಾವನನ್ನು ಅಲ್ಲಿಗೇ ಬಿಟ್ಟು ಇವನ ಕಡೆ ತಿರುಗಿದರು. "ಹೋದ ವರ್ಷ ಹೃದಯದ ವಾರ್ಡಿಗೆ ಕೇಬಲ್ ಎಳೆದೋರೂ ನೀವೇ ಅಲ್ವಾ?"

"ಹೌದಮ್ಮ."

"ಅಲ್ಲಿ ಪರದೆ ಆಗಾಗ ಆರಿಹೋಗುತ್ತೆ. ಯಾಕೆ ಅಂತ ಯಾರಿಗೂ ಗೊತ್ತಾಗಿಲ್ಲ. ಆ ತಂತೀನೂ ಕೆರೆದು ನೋಡಿದ್ರಾ?"

ಭಾವನಿಗೆ ನಗು ಬಂತು. ಸಿಡುಕಣ್ಣನಿಗೆ ಎಲ್ಲಾದರೂ ಹೋಗಿ ಅಡಗಿಕೊಳ್ಳಬೇಕು ಅನ್ನಿಸುವಷ್ಟು ನಾಚಿಕೆಯಾಯಿತು.

"ನೋಡಿದ್ದೆ ಅಮ್ಮ," ಅಂದ. "ಇದೇ ಮಾಲು."