ಉಳ್ಳಾಗಡ್ಡಿ ಹೆಚ್ಚಿಸುತ್ತಿದ್ದ ಈರಣ್ಣ ಕಾಕಾ

ಈರಣ್ಣ ಕಾಕಾನ ಶೆಡ್ಡಿನಿಂದ ಕಣ್ಣೀರು ಹಾಕದೆ ಹೊರಬಂದ ಗಿರಾಕಿಯನ್ನು ನಾನು ನೋಡಿಲ್ಲ. ಅರ್ಧ ಕಣ್ಣೀರು ಅವನ ಬೈಗುಳಕ್ಕೆ, ಇನ್ನರ್ಧ ಉಳ್ಳಾಗಡ್ಡಿಗೆ.

ಜೀಡಿಮೆಟ್ಲಾದ ಕಾರ್ಖಾನೆಗಳ ಹಿಂದಿನ ಗಲ್ಲಿಯಲ್ಲಿ ನಮ್ಮ ರೊಟ್ಟಿ ಖಾನಾವಳಿ, ಅದರ ಎದುರಿಗೆ ಅವನ ತಗಡಿನ ಶೆಡ್ಡು. ಸುರಪುರದ ಕಡೆಯ ಬಡಿಗೇರರವನು. ಕಾರ್ಖಾನೆಯವರು ಬಿಸಾಡಿದ ಗರಗಸದ ಅಲಗುಗಳನ್ನು ತಂದು, ಕತ್ತರಿಸಿ, ಸಾಣೆ ಹಿಡಿದು ಚಾಕು ಮಾಡುತ್ತಿದ್ದ. ಅಲಗು ಬೇಗ ಮುಗಿಯುತ್ತಿತ್ತು. ಹಿಡಿಕೆಗೆ ಬಂದಾಗ ಮಾತ್ರ ತನ್ನ ಪ್ರಾಣವನ್ನೂ ತಿನ್ನುತ್ತಿದ್ದ, ಗಿರಾಕಿಯ ಪ್ರಾಣವನ್ನೂ ತಿನ್ನುತ್ತಿದ್ದ.

ಹುಣಸೆ ಮರದ ಎರಡು ಹೋಳುಗಳನ್ನು ಅಲಗಿನ ಬುಡಕ್ಕೆ ಹಿತ್ತಾಳೆ ಮೊಳೆ ಬಡಿದು ಬಿಗಿಯುತ್ತಿದ್ದ. ಕಾನಸು ಅನ್ನುವ ಅರದಿಂದ ಒರಟಾಗಿ ತಿಕ್ಕಿ ಆಕಾರಕ್ಕೆ ತಂದ ಮೇಲೆ ದೀಪದ ಮಸಿ ಬಳಿದು, ಗಿರಾಕಿಯ ಕೈಗಿಟ್ಟು, ಬುಟ್ಟಿಯಿಂದ ಒಂದು ಉಳ್ಳಾಗಡ್ಡಿ ಎಸೆದು, ಹೆಚ್ಚು ಅನ್ನುತ್ತಿದ್ದ. ಅಂಗೈ ಎಲ್ಲಿ ಹೆಚ್ಚಿಗೆ ಒತ್ತುತ್ತದೋ ಅಲ್ಲಿ ಮಸಿ ಅಳಿಸಿ ಮರ ಕಾಣುತ್ತದೆ. ಅಲ್ಲಿಗೇ ಮತ್ತೆ ಕಾನಸು. ಮತ್ತೆ ಮಸಿ, ಮತ್ತೆ ಉಳ್ಳಾಗಡ್ಡಿ. ಮಸಿ ಎಲ್ಲ ಕಡೆ ಒಂದೇ ಸಮ ಅಳಿಸುವ ತನಕ ಬಿಡುಗಡೆಯಿಲ್ಲ. ಆಮೇಲೆ ಗಾಜಿನ ಚೂರಿನಿಂದ ಹೆರೆಯುವುದು, ಒದ್ದೆ ಬಟ್ಟೆ ಒರೆಸಿ, ಎದ್ದ ನಾರನ್ನು ಉಪ್ಪುಕಾಗದದಿಂದ ತಿಕ್ಕಿ ತೆಗೆಯುವುದು, ಅಗಸಿ ಎಣ್ಣೆ ಕುಡಿಸಿ ನೆರಳಲ್ಲಿಡುವುದು. ಹೊಳಪಿಗೆ ವಾರ್ನಿಷ್ ಹಚ್ಚಿರಿ ಅಂದವರ ಗತಿ ಕೇಳಬೇಡಿ.

ಒಮ್ಮೆ ಬಿರಿಯಾನಿ ಹೊಟೇಲಿನ ಭಟ್ಟನೊಬ್ಬ ಬಂದು, ತನ್ನ ಕೈಕೆಳಗಿನವರಿಗೆಲ್ಲ ಒಂದೇ ನಮೂನೆ ಚಾಕು ಬೇಕೆಂದ. "ಚಾಚಾ, ಸಬ್ ಏಕೀಚ್ ಸೈಜ್ ಕೆ ದೇವ್."

"ಪೈಲೆ ಸಬ್ ಕೆ ಹಾತ್ ಏಕೀಚ್ ಸೈಜ್ ಕೆ ಕರ್ಕೆ ಲಾ," ಅಂದ ಕಾಕಾ. ಮೊದಲು ಎಲ್ಲರ ಕೈ ಒಂದೇ ಅಳತೆ ಮಾಡಿಸಿಕೊಂಡು ಬಾ ಅಂತ. ಭಟ್ಟ ಬೈದುಕೊಳ್ಳುತ್ತ ಹೋದ. ಮಾರನೇ ದಿನ ಕೈಗಳನ್ನೆಲ್ಲ ಕರೆದುಕೊಂಡೇ ಬಂದ. ಅವರು ಅಳುತ್ತ ಹೆಚ್ಚಿದ ಉಳ್ಳಾಗಡ್ಡಿಯೆಲ್ಲ ಸಂಜೆ ನಮ್ಮ ಝುಣಕಕ್ಕೆ ಬಂತು.

ನನ್ನ ಚಾಕುವಿನ ಸರದಿ ಬಂದಾಗ ನಾನೂ ಕೂತು ಹೆಚ್ಚಿದೆ. ಕಾಕಾ ಹಿಡಿಕೆ ತಿರುಗಿಸಿ ನೋಡಿದ. ಮಸಿ ಎರಡು ಕಡೆ ಚುಕ್ಕೆಯಷ್ಟು ಅಳಿಸಿತ್ತು, ಅಷ್ಟೇ. "ಯಾರ ಕೈಲೆ ಹೆಚ್ಚಾಕತ್ತಿ ಯವ್ವಾ? ಇದು ನಿನ್ನ ಕೈ ಅಲ್ಲ."

ನಾನು ಹುಟ್ಟಾ ಎಡಗೈಯವಳು. ಮದುವೆಯಾಗಿ ಬಂದ ವಾರದಲ್ಲೇ ನಮ್ಮತ್ತೆ, ಎಡಗೈಲಿ ಹೆಚ್ಚಿದ ಪಲ್ಲೆ ಈ ಮನೆಯಲ್ಲಿ ಯಾರೂ ಉಣ್ಣುವುದಿಲ್ಲ ಅಂದಿದ್ದರು. ಅಂದಿನಿಂದ ಬಲಗೈಲೇ ಹೆಚ್ಚುತ್ತ, ಬೆರಳು ಕೊಯ್ದುಕೊಳ್ಳುತ್ತ, ನಿಧಾನ ಅಂತ ಬೈಸಿಕೊಳ್ಳುತ್ತ ಬಂದಿದ್ದೆ. ನಾನು ಇದನ್ನು ಹೇಳಿದ್ದೇ ಕಾಕಾ ಕಾನಸು ಹಿಡಿದೇ ಗಲ್ಲಿ ದಾಟಿದ. ಅತ್ತೆ ಕಟ್ಟೆಯ ಮೇಲೆ ಅಕ್ಕಿ ಆರಿಸುತ್ತಿದ್ದರು.

"ಏನ್ರಿ ಯವ್ವಾ, ರೊಟ್ಟಿ ಬಡಿಯಾಕ ಎರಡೂ ಕೈ ಬೇಕಲ್ರಿ. ಆವಾಗ ಈಕಿ ಎಡಗೈ ಮಡಿ ಆಗತೈತೇನು?"

ಖಾನಾವಳಿಯಲ್ಲಿ ಉಣ್ಣುತ್ತಿದ್ದವರು ನಕ್ಕುಬಿಟ್ಟರು. ಆ ನಗುವನ್ನು ಅತ್ತೆ ಮರೆಯಲಿಲ್ಲ.

ಎಡಗೈಗೆಂದೇ ತಿದ್ದಿದ ಹಿಡಿಕೆ ಅದು. ಒಂದು ಮಗ್ಗುಲು ಉಬ್ಬಿ, ಇನ್ನೊಂದು ಮಗ್ಗುಲು ಹೆಬ್ಬೆರಳಿಗೆ ತಗ್ಗಿತ್ತು. ಬೇರೆಯವರು ಹಿಡಿದರೆ ಕೈಗೆ ಒತ್ತುತ್ತಿತ್ತು. ನನ್ನ ಅಂಗೈಲಿ ಮಾತ್ರ ಹೋಗಿ ಕೂತುಕೊಳ್ಳುತ್ತಿತ್ತು. ಗೋಬಿಯನ್ನು ಇಷ್ಟು ಸಣ್ಣಗೆ ನಾನು ಹೆಚ್ಚಬಲ್ಲೆ ಅಂತ ನನಗೇ ಗೊತ್ತಿರಲಿಲ್ಲ. ಅತ್ತೆ ಒಂದು ಹೊತ್ತು ಉಪವಾಸ ಕೂತರು, ರಾತ್ರಿ ತಟ್ಟೆ ಎಳೆದುಕೊಂಡರು.

ಮುಂದಿನದನ್ನು ಬರೆಯುವಾಗ ಈಗಲೂ ಕಿವಿ ಬಿಸಿಯಾಗುತ್ತದೆ. ತಂಗಿಯ ಬಾಣಂತನಕ್ಕೆ ಕಲಬುರಗಿಗೆ ಹೋಗಿ ಬಂದೆ. ಗೋಡೆಯ ಮೊಳೆಗೆ ನನ್ನ ಚಾಕು ತೂಗುತ್ತಿತ್ತು, ಹಿಡಿಕೆ ಬಳೆಯಂತೆ ದುಂಡಗೆ, ವಾರ್ನಿಷಿನಿಂದ ಮಿರಮಿರ. ಅತ್ತೆ ಹೇಳಿ, ನಮ್ಮ ಮನೆಯವರು ಯಾವುದೋ ಕಾರ್ಖಾನೆಯ ಮಷಿನ್ನಿಗೆ ಹಿಡಿದು ಉಬ್ಬನ್ನೆಲ್ಲ ತಿಕ್ಕಿಸಿದ್ದರು. "ಎಲ್ಲಾರ ಕೈಗೂ ಬರಲಿ ಅಂತ ಮಾಡಿಸೀನಿ. ಚೆಂದ ಆಗೇತಲ್ಲ?" ಅಂದರು ಅತ್ತೆ. ಒಲೆ ಹೊತ್ತಿಸದೆ, ಚಾಕು ಸೆರಗಲ್ಲಿ ಸುತ್ತಿಕೊಂಡು ಹೊರಟೆ. ಆ ಮಧ್ಯಾಹ್ನ ಖಾನಾವಳಿಗೆ ಬಂದವರು ಹಸಿದು ತಿರುಗಿ ಹೋದರು. ಹೋಗಲಿ ಅಂದುಕೊಂಡೆ.

ಶೆಡ್ಡಿನ ಹಿಂದಿನ ಖೋಲಿಯಲ್ಲಿ ಕಾಕಾ ಮಲಗಿದ್ದ. ನಾನಿಲ್ಲದಾಗ ಉಸಿರಿನ ಬೇನೆ ಹಾಸಿಗೆ ಹಿಡಿಸಿತ್ತು. ಅವನು ಗುಡುಗುತ್ತಾನೆ, ಗಲ್ಲಿ ದಾಟಿ ನಮ್ಮ ಮನೆಯ ತಗಡು ಹಾರುವಂತೆ ಬೈಯುತ್ತಾನೆ ಅಂತ ಆಸೆಯಿಂದ ಹೋಗಿದ್ದೆ. ಅವನು ಹಿಡಿಕೆಯನ್ನು ಬಹಳ ಹೊತ್ತು ಬೆರಳಲ್ಲಿ ತಿರುವಿದ.

"ಕಟಗಿ ತಗದಾರ. ಕೈ ತಗದಿಲ್ಲಲ್ಲ. ಆ ಮೂಲ್ಯಾಗ ಹುಣಸಿ ಹೋಳು ಅದಾವ, ಕಾನಸ ತಗೊ. ನನಗ ಆಗೂದಿಲ್ಲ. ನೀ ಮಾಡು, ನಾ ಬೈತೀನಿ."

ದಿನಾ ಮಧ್ಯಾಹ್ನ ಹೋಗಿ ಅವನ ಹೊರಸಿನ ಪಕ್ಕ ಕೂತೆ. ಮೊಳೆ ತೆಗೆದು ಹೊಸ ಹೋಳು ಕೂಡಿಸಿದೆ. ಅವನ ಕಾನಸಿನ ಹಿಡಿ ಬಲಗೈಗೆ ಸವೆದದ್ದು, ನನ್ನ ಎಡಗೈಲಿ ಬೊಬ್ಬೆ ಎದ್ದವು. ನನ್ನೊಳಗಿನ ಸಿಟ್ಟನ್ನೆಲ್ಲ ಆ ಮರಕ್ಕೆ ಹಾಕಿ ತಿಕ್ಕಿದೆ. ಕಾಕಾ ಮಾತ್ರ ಕೊಡುತ್ತೇನೆಂದ ಬೈಗುಳ ಕೊಡಲೇ ಇಲ್ಲ. ಮಸಿ ಬಳಿದು, ಉಳ್ಳಾಗಡ್ಡಿ ಹೆಚ್ಚಿ ತೋರಿಸಿದರೆ, ಬೆರಳಿಂದ ಒಂದು ಕಡೆ ಮುಟ್ಟಿ "ಇನ್ನಾ ಐತಿ" ಅನ್ನುತ್ತಿದ್ದ, ಅಷ್ಟೇ.

ಕೊನೆಗೆ ಕಿರುಬೆರಳ ಕೆಳಗಿನ ಒಂದು ಉಬ್ಬು ಉಳಿದಿತ್ತು. "ನಾಳೆ ನೋಡೂಣು" ಅಂದ. ಮರುದಿನ ಖೋಲಿಗೆ ಬೀಗ. ಕಾಕಾನ ತಮ್ಮ ಬಂದು ಬೆಳಗ್ಗೆಯೇ ಅವನನ್ನು ಊರಿಗೆ ಕರೆದೊಯ್ದಿದ್ದ. ಅಲ್ಲಿಂದ ಬಂದದ್ದು ಸಾವಿನ ಸುದ್ದಿ.

ಆ ಉಬ್ಬನ್ನು ನಾನು ತಿಕ್ಕಿಲ್ಲ. ಅಗಸಿ ಎಣ್ಣೆ ಕುಡಿಸಿ ಹಾಗೇ ಬಿಟ್ಟಿದ್ದೇನೆ. ಮೊನ್ನೆ ಅತ್ತೆ ಬದನೆಕಾಯಿ ಹೆಚ್ಚಲು ಆ ಚಾಕುವನ್ನೇ ತೆಗೆದುಕೊಂಡು, ಬಲಗೈಲಿ ಹಿಡಿದು ಮುಖ ಹಿಂಡಿದರು.

"ಏನಿದು, ಕೈಗೆ ಒತ್ತಾಕತ್ತೈತಿ."

"ಒತ್ತಲಿ ಬಿಡ್ರಿ ಅತ್ತಿ," ಅಂದೆ. "ಅದು ನಿಮ್ಮ ಕೈ ಅಲ್ಲ."